ಡಬ್ಬಿಯ ಮೇಲೆ ಇಲ್ಲದ ‘ಎಲ್’

‘ವೆಲ್ಡರ್ ನಿರ್ಲಕ್ಷ್ಯ: ಆಸಿಡ್ ಟ್ಯಾಂಕ್ ಸೋರಿಕೆ’. ಮೂರನೇ ಪುಟ, ಎರಡು ಕಾಲಂ. ಬರೆದವರು ನಾವೇ. ಕಾರ್ಖಾನೆಯ ಮ್ಯಾನೇಜರಿಗೆ ಒಂದು ಫೋನ್, ಠಾಣೆಗೆ ಒಂದು ಫೋನ್, ಅರ್ಧ ಗಂಟೆಯಲ್ಲಿ ಸುದ್ದಿ ಹೋಗಿತ್ತು. ಸ್ಟ್ರಿಂಗರುಗಳಿಗೆ ಸುದ್ದಿಗಿಷ್ಟು ಎಂದು ದುಡ್ಡು. ಆ ಟ್ಯಾಂಕ್ ಮಾಡಿದ ಶೆಡ್ಡಿಗೆ ಹೋಗಿಬರುವ ಪೆಟ್ರೋಲಿಗೆ ಯಾರೂ ಕೊಡುವುದಿಲ್ಲ. ಹೆಸರು ಹಾಕಿರಲಿಲ್ಲ ಎಂಬ ಸಮಾಧಾನವಿತ್ತು. ಆದರೆ ಶೆಡ್ಡಿನಲ್ಲಿ ಒಳಗಿನ ಸ್ಟೇನ್‌ಲೆಸ್ ಬೆಸೆಯುವವನು ಒಬ್ಬನೇ. ವಾರದೊಳಗೆ ಅವನ ಕೆಲಸ ಹೋಯಿತು.

ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ನಮ್ಮನ್ನು ಹುಡುಕಿಕೊಂಡು ಬಂದ. ಜಗಳ ಮಾಡಲಿಲ್ಲ. “ಸರ, ಕೊಟ್ಟ ರಾಡ್ ಹಚ್ಚೇನ್ರಿ. ಭಟ್ಟಿಗೆ ಹಾಕಿದವ ನಾ ಅಲ್ರಿ” ಅಂದ.

ಯಾವ ಭಟ್ಟಿ? ನಮಗೆ ಗೊತ್ತಿರಲಿಲ್ಲ. ನಿವೃತ್ತ ಫೋರ್‌ಮನ್ ಒಬ್ಬರ ಮನೆಕಟ್ಟೆಯ ಮೇಲೆ ಎರಡು ಸಂಜೆ ಕುಳಿತೆವು. ಟ್ಯಾಂಕ್ ಎಂದು ಬರೆದದ್ದೇ ಮೊದಲ ತಪ್ಪು ಎಂದರು. ಅದು ಪ್ರೆಶರ್ ವೆಸೆಲ್. ಹೊರಗಿನ 40 ಮಿ.ಮೀ. ಕಾರ್ಬನ್ ಸ್ಟೀಲ್ ಒತ್ತಡ ತಡೆಯಲು, ಒಳಗೆ ಅಂಟಿದ 3 ಮಿ.ಮೀ. ಸ್ಟೇನ್‌ಲೆಸ್ ಆಸಿಡ್ ತಡೆಯಲು.

ವೆಲ್ಡಿಂಗ್ ಆದಮೇಲೆ ಉಕ್ಕಿನೊಳಗೆ ಸೆಳೆತ ಉಳಿಯುತ್ತದೆ. ಎಎಸ್‌ಎಂಇ ಕೋಡ್ ಪ್ರಕಾರ ಸಾಮಾನ್ಯ ಕಾರ್ಬನ್ ಸ್ಟೀಲ್ 38 ಮಿ.ಮೀ. ದಾಟಿದರೆ ಅದನ್ನು ಕಾಯಿಸಿ ಆ ಸೆಳೆತ ಇಳಿಸಲೇಬೇಕು. ಕನಿಷ್ಠ 595 ಡಿಗ್ರಿ ಸೆಲ್ಸಿಯಸ್, 25 ಮಿ.ಮೀ. ದಪ್ಪಕ್ಕೆ ಸುಮಾರು ಒಂದು ಗಂಟೆ. 425 ಡಿಗ್ರಿಯ ಮೇಲೆ ಏರಿಸುವುದೂ ಇಳಿಸುವುದೂ ನಿಧಾನ.

ತೊಡಕು ಇಲ್ಲೇ. ಹೊರಗಿನ ಉಕ್ಕಿಗೆ ಔಷಧಿಯಾದ ಶಾಖವೇ ಒಳಗಿನ ಸ್ಟೇನ್‌ಲೆಸ್‌ಗೆ ಕಾಯಿಲೆ. ಸರಿಸುಮಾರು 425ರಿಂದ 860 ಡಿಗ್ರಿಯ ನಡುವೆ ಹೆಚ್ಚು ಹೊತ್ತು ಇದ್ದರೆ ಅದರಲ್ಲಿರುವ ಇಂಗಾಲ ಕ್ರೋಮಿಯಂ ಜೊತೆ ಸೇರಿ ಲೋಹದ ಕಣಗಳ ಅಂಚಿನಲ್ಲಿ ಕೂರುತ್ತದೆ. ಅಕ್ಕಪಕ್ಕದಲ್ಲಿ ಕ್ರೋಮಿಯಂ ಬರಿದಾಗುತ್ತದೆ. ಆಸಿಡ್ ಆ ಅಂಚು ಹಿಡಿದೇ ತಿನ್ನುತ್ತಾ ಹೋಗುತ್ತದೆ. ಹೊರನೋಟಕ್ಕೆ ಏನೂ ಕಾಣದು, ಹೊಸ ತಾಟಿನಂತೆ ಹೊಳೆಯುತ್ತಿರುತ್ತದೆ. ಸಾಲದ್ದಕ್ಕೆ ಸ್ಟೇನ್‌ಲೆಸ್ ಕಾದಾಗ ಕಾರ್ಬನ್ ಸ್ಟೀಲಿಗಿಂತ ಹೆಚ್ಚು ಹಿಗ್ಗುತ್ತದೆ. ಎರಡೂ ಅಂಟಿಕೊಂಡೇ ತಣಿಯುವಾಗ ನಡುವೆ ಸೆಳೆತ ಮತ್ತೆ ಹುಟ್ಟುತ್ತದೆ. ಭಟ್ಟಿಯಿಂದ ಎಲ್ಲ ಸರಿಹೋಗುತ್ತದೆ ಎನ್ನುವವರು ಇದನ್ನು ಹೇಳುವುದಿಲ್ಲ.

“ಅದಕ್ಕ ‘ಎಲ್’ ಬೇಕು ತಮ್ಮಾ” ಎಂದರು ಫೋರ್‌ಮನ್. ಇಂಗಾಲ ಕಡಿಮೆ ಇರುವ ರಾಡ್. ಕಾರ್ಬನ್ ಸ್ಟೀಲಿನ ಮೇಲೆ ಮೊದಲ ಪದರಕ್ಕೆ 309ಎಲ್, ಅದರ ಮೇಲೆ 308ಎಲ್. ಕೆಲವರು ಕೊನೆಯ ಪದರವನ್ನು ಭಟ್ಟಿಯಿಂದ ತೆಗೆದ ಮೇಲೆಯೇ ಹಾಕುತ್ತಾರಂತೆ.

ಶೆಡ್ಡಿನ ಹಿಂದಿನ ಗುಜರಿಯಲ್ಲಿ ಖಾಲಿ ಡಬ್ಬಿಗಳು ಬಿದ್ದಿದ್ದವು. 308 ಎಂದಿತ್ತು. ‘ಎಲ್’ ಇರಲಿಲ್ಲ. ಭಟ್ಟಿಯ ಗ್ರಾಫ್ ಕಾಗದ ಸಿಕ್ಕಿತು. ನಡುವೆ ಕರೆಂಟ್ ಹೋಗಿ, ಗೆರೆ ಜಾರಿ, ಮತ್ತೆ ಮೊದಲಿಂದ ಏರಿತ್ತು. ಅಂದರೆ ಎರಡು ಸಲ ಬೆಂದಿದೆ. ರಾಡ್ ಖರೀದಿಸಿದವರು ಯಾರು, ಎರಡನೇ ಸಲ ಹಾಕಿ ಎಂದವರು ಯಾರು? ನಮ್ಮ ಸುದ್ದಿಯಲ್ಲಿ ಅವರಿಬ್ಬರೂ ಇರಲಿಲ್ಲ. ಮ್ಯಾನೇಜರ್ ಆಮೇಲೆ ಫೋನ್ ಎತ್ತಲಿಲ್ಲ.

ಡೆಸ್ಕಿನವರೊಡನೆ ಹತ್ತು ದಿನ ಗುದ್ದಾಡಿದ ಮೇಲೆ ತಿದ್ದುಪಡಿ ಬಂತು. ಒಂಬತ್ತನೇ ಪುಟ, ನಾಲ್ಕು ಸಾಲು.

ಪೇಪರ್ ಹಿಡಿದು ಹೋದಾಗ ಅವನು ಊರ ಹೊರಗಿನ ಅಂಗಡಿಯಲ್ಲಿ ಯಾರದೋ ಮನೆಯ ಗೇಟು ಬೆಸೆಯುತ್ತಿದ್ದ. ಮುಖದ ಗವಚ ಎತ್ತಲಿಲ್ಲ.

“ಅಲ್ಲೇ ಮಷಿನ್ ಮ್ಯಾಲ ಇಡ್ರಿ ಸರ” ಅಂದ.