ನಿಂತು ಹುಟ್ಟು ಹಾಕುವ ಸುಖ

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯವರಾದ ನಮಗೆ ನೀರೆಂದರೆ ಕೆರೆ. ಅದು ಗಾಳಿಯ ಮಾತೊಂದನ್ನೇ ಕೇಳುವ ನೀರು. ಹೊಳೆಯ ಸ್ವಭಾವ ಬೇರೆ ಎಂದು ನನಗೆ ತಿಳಿದದ್ದು ಹೆದ್ದಾರಿ 75 ಹಿಡಿದು, ಶಿರಾಡಿ ಘಾಟಿ ಇಳಿದು, ಮೂಲ್ಕಿಯ ಶಾಂಭವಿ ಹೊಳೆಯಲ್ಲಿ, ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡ್ ಹತ್ತಿದ ಮೇಲೆ. 2016ರಲ್ಲಿ ಫಿಜಿಯಲ್ಲಿ ನಡೆದ ಈ ಆಟದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ ತನ್ವಿ ಜಗದೀಶ್ ಮೂಲ್ಕಿ ಸೀಮೆಯವರೇ. 2024ರ ಮಾರ್ಚಿನಲ್ಲಿ ಪಕ್ಕದ ಸಸಿಹಿತ್ಲುವಿನಲ್ಲಿ ವಿಶ್ವ ಮಟ್ಟದ ರೇಸೂ ನಡೆಯಿತು.

ರೇಸಿನ ಬೋರ್ಡ್ 14 ಅಡಿ ಉದ್ದ. ಅಗಲ 25 ಇಂಚಿಗಿಂತಲೂ ಕಡಿಮೆ ಇರುವುದುಂಟು. ಹೊಸಬರು ಅದರ ಆಸೆ ಸದ್ಯಕ್ಕೆ ಬಿಟ್ಟು 32 ಇಂಚಿನ ಅಗಲದ್ದನ್ನೇ ಹತ್ತಬೇಕು. ಮೊದಲು ಮಂಡಿಯೂರಿ, ಆಮೇಲೆ ನಡುವಿನ ಹಿಡಿಯ ಎರಡೂ ಪಕ್ಕಕ್ಕೆ ಪಾದವಿಟ್ಟು ಎದ್ದು ನಿಲ್ಲಬೇಕು. ಮಂಡಿ ಸಡಿಲವಾಗಿರಲಿ, ಕಣ್ಣು ದೂರದ ತೆಂಗಿನ ಸಾಲಿನ ಮೇಲಿರಲಿ. ಲೈಫ್ ಜಾಕೆಟ್ಟು ಮೈಮೇಲೆ, ಬೋರ್ಡಿನ ಹಗ್ಗ ಥಟ್ಟನೆ ಬಿಚ್ಚಬಹುದಾದ ಸೊಂಟಪಟ್ಟಿಗೆ. ಈ ಎರಡಿಲ್ಲದೆ ನೀರಿಗಿಳಿಯುವ ಮಾತೇ ಇಲ್ಲ.

ಈ ಆಟದ ರುಚಿಯೆಲ್ಲ ಇರುವುದು ಹುಟ್ಟು ಹಾಕುವುದರಲ್ಲಿ. ಅಲಗಿನ ಬಾಗು ಮುಂದಕ್ಕಿರಬೇಕು. ಸೊಂಟ ತಿರುಗಿಸಿ, ಕೈ ಚಾಚಿ, ಅಲಗು ಪೂರ್ತಿ ಮುಳುಗುವವರೆಗೆ ಎಳೆಯದೆ ಕಾಯಬೇಕು. ಆ ಅರೆಗಳಿಗೆಯ ತಾಳ್ಮೆಯೇ ಕಷ್ಟದ್ದು. ಮುಳುಗಿದ ಮೇಲೆ, ಗದ್ದೆಯಲ್ಲಿ ನೆಟ್ಟ ಗೂಟದಂತೆ ಹುಟ್ಟು ಅಲ್ಲೇ ನಿಂತಿದೆ ಎಂದುಕೊಂಡು ಬೋರ್ಡನ್ನು ಅದರ ಬಳಿಗೆ ತಂದುಕೊಳ್ಳುವುದು. ಬಲ ತೋಳಿನದಲ್ಲ, ಬೆನ್ನು ಸೊಂಟದ್ದು. ಅಲಗು ಪಾದದ ಪಕ್ಕಕ್ಕೆ ಬಂದ ಕೂಡಲೇ ಎತ್ತಿಬಿಡಬೇಕು. ಹಿಂದಕ್ಕೆ ಹೋದಷ್ಟೂ ಬೋರ್ಡಿನ ಮೂತಿ ಅತ್ತಿತ್ತ ತಿರುಗಿ ವೇಗ ಸೋರಿಹೋಗುತ್ತದೆ. ಎಲ್ಲ ಸರಿಯಾಗಿ ಕೂಡಿಬಂದ ದಿನ ಅಲಗು ಇಳಿಯುವಾಗ ನೀರು ಚಿಮ್ಮುವುದಿಲ್ಲ, ಸದ್ದಾಗುವುದಿಲ್ಲ. ಬೋರ್ಡ್ ಮಾತ್ರ ಕಾಲಡಿಯಲ್ಲಿ ಸುಯ್ಯೆಂದು ಮುಂದೆ ಜಾರುತ್ತದೆ. ಆ ಒಂದು ಜಾರುವಿಕೆಗಾಗಿ ನಾನು ಎಷ್ಟು ದೂರ ಬೇಕಾದರೂ ಬಸ್ಸಿನಲ್ಲಿ ಕೂರಬಲ್ಲೆ.

ರೇಸಿನ ತಿರುವುಗಳಲ್ಲಿ ಒಂದು ಕಾಲು ಹಿಂದಿಟ್ಟು ಮೂತಿ ಎತ್ತಿ ಗಿರಕ್ಕನೆ ಸುತ್ತುವ ಸೊಗಸೇ ಬೇರೆ. ಅದು ನಿಧಾನಕ್ಕೆ ಬರುವ ವಿದ್ಯೆ.

200 ಮೀಟರಿನ ಓಟಕ್ಕಿಂತ ನನಗೆ ದೂರದ ರೇಸೇ ಇಷ್ಟ, ಅಲ್ಲಿ ಹೊಳೆಯನ್ನೂ ಓದಬೇಕಾಗುತ್ತದೆ. ಶಾಂಭವಿ, ನಂದಿನಿ ಎರಡೂ ಸೇರಿ ಕಡಲಿಗೆ ಬೀಳುವ ಆ ಅಳಿವೆಯಲ್ಲಿ ಭರತ ಇಳಿತಗಳು ದಿನವೂ ಹೊಳೆಯ ದಿಕ್ಕನ್ನೇ ಬದಲಿಸುತ್ತವೆ. ಇಳಿತದಲ್ಲಿ ಅಭ್ಯಾಸಕ್ಕೆ ಹೊರಟರೆ ಮೊದಲು ಸೆಳವಿಗೆ ಎದುರಾಗಿ ಮೇಲಕ್ಕೆ ಹೋಗಬೇಕು, ದಣಿದ ಮೇಲೆ ಅದೇ ಸೆಳವು ವಾಪಸು ಕರೆತರುತ್ತದೆ. ಎದುರು ಹೋಗುವಾಗ ದಡದ ಮಗ್ಗುಲು ಹಿಡಿಯಬೇಕು, ಅಲ್ಲಿ ನೀರಿನ ಓಟ ಕಡಿಮೆ. ಬರುವಾಗ ನಡುಹೊಳೆ.