ಮೂರು ಪ್ಲಗ್ಗಿನ ಲೆಕ್ಕ

ನಮ್ಮ ಕನ್ನಡ ಬಳಗದ ಸಂಪಾದಕ ಮಿತ್ರರು ಎರಡು ತಿಂಗಳಿಂದ ಬೆನ್ನು ಹತ್ತಿದ್ದಾರೆ. "ಕಥೆ ಕೊಡು, ಇಲ್ಲದಿದ್ದರೆ ಕವನವಾದರೂ ಕೊಡು" ಎನ್ನುತ್ತಾರೆ. ಕವನ ನನಗೆ ಒಲಿದಿಲ್ಲ. ಕಥೆ ಬರೆಯಲು ಕೂತರೆ ಎರಡನೇ ಪುಟದಲ್ಲೇ ನಾಯಕ ಸತ್ತುಹೋಗುತ್ತಾನೆ. ಇಂಡಿ ತಾಲೂಕಿನ ಹಳ್ಳಿಯ ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಡೊಂಬಿವಲಿಗೆ ಬಂದು ಕಾಮರ್ಸ್ ಸೇರಿದ ನನಗೆ ಬರುವುದು ಜಮಾ-ಖರ್ಚು ಒಂದೇ. ಆದ್ದರಿಂದ ಒಂದು ಖರ್ಚಿನ ವಿಷಯವನ್ನೇ ಬರೆಯುತ್ತೇನೆ. ಅದೂ ನಾನು ಮಾಡಗೊಡದ ಖರ್ಚು.

ಅಪ್ಪ 2023ರಲ್ಲಿ ಒಂದು ಹಳೇ ಸಿಎನ್‌ಜಿ ಕಾರು ಕೊಂಡರು. ಮೂರು ಸಿಲಿಂಡರಿನ ಚಿಕ್ಕ ಗಾಡಿ. (ಸಿಲಿಂಡರ್ ಎಂದರೆ ಡಿಕ್ಕಿಯಲ್ಲಿ ಮಲಗಿರುವ ಗ್ಯಾಸಿನದಲ್ಲ, ಎಂಜಿನ್ನಿನ ಒಳಗಿನದು. ನನಗೂ ಬಹಳ ದಿನ ಈ ಗೊಂದಲ ಇತ್ತು.) ಬೆಳಿಗ್ಗೆ ಡೊಂಬಿವಲಿಯಿಂದ ನಾಲ್ಕು ಮಂದಿ ಆಫೀಸಿನವರನ್ನು ನವಿ ಮುಂಬಯಿಯ ಮಹಾಪೆಗೆ ಬಿಡುವುದು, ಸಂಜೆ ಕರೆತರುವುದು, ನಡುವೆ ಠಾಣೆ, ಕಲ್ಯಾಣ ಅಂತ ಸಿಕ್ಕ ಬಾಡಿಗೆ ಹೊಡೆಯುವುದು. ತಿಂಗಳಿಗೆ ಸುಮಾರು 2,100 ಕಿಲೋಮೀಟರ್. ಅಪ್ಪ ಕಲಿತದ್ದು ಕನ್ನಡ ನಾಲ್ಕನೇತ್ತೆ. ಹಾಗಾಗಿ ಗಾಡಿಯ ಲೆಕ್ಕದ ವಹಿ ನನ್ನ ಕೈಗೆ ಬಂತು. ಮನೆಯಲ್ಲಿ ಒಬ್ಬ ಅಕೌಂಟೆಂಟ್ ತಯಾರಾಗುತ್ತಿದ್ದಾನೆಂದು ಅವ್ವನಿಗೆ ಹಿಗ್ಗೋ ಹಿಗ್ಗು.

2024ರ ಜುಲೈ ಸರ್ವಿಸಿನಲ್ಲಿ ಮೆಕ್ಯಾನಿಕ್ ಮರಾಠಿಯಲ್ಲಿ ಒಂದು ಚೀಟಿ ಬರೆದುಕೊಟ್ಟ. ಆಯಿಲ್, ಫಿಲ್ಟರ್, ಕೊನೆಗೆ ಮೂರು ಪ್ಲಗ್. ಪ್ಲಗ್ಗಿಗೆ ಮಜೂರಿ ಸೇರಿ ಆರುನೂರು ರೂಪಾಯಿ.

"ಏನ್ ಬರದಾನೋ?" ಅಂದರು ಅಪ್ಪ.

"ಆಯಿಲ್, ಫಿಲ್ಟರ್. ಮತ್ತೇನಿಲ್ಲ" ಅಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ತಿಂಗಳು ಇನ್ಶುರೆನ್ಸ್ ಕಟ್ಟಿ ಕೈ ಬರಿದಾಗಿತ್ತು. ಗಾಡಿ ಓಡುತ್ತಿದೆಯಲ್ಲ, ಓಡುವ ಗಾಡಿಗೆ ಹೊಸ ಪ್ಲಗ್ ಯಾಕೆ, ಮುಂದಿನ ಸಲ ನೋಡಿದರಾಯಿತು ಎಂದು ಒಬ್ಬನೇ ನಿರ್ಣಯ ಮಾಡಿಬಿಟ್ಟೆ. ಆರುನೂರು ಉಳಿಸಿದೆ ಎಂಬ ಜಂಬವೂ ಇತ್ತು.

ಈಗ ಪ್ಲಗ್ ಏನು ಮಾಡುತ್ತದೆ ಎಂದು ನಮ್ಮ ಚಾಳಿನ ಟ್ಯಾಕ್ಸಿ ಕಾಕಾನಿಂದ ಕಲಿತದ್ದನ್ನು ಹೇಳಿಬಿಡುತ್ತೇನೆ. ಕಾಕಾ ಜತ್ ಕಡೆಯವರು, ಸಾಂಗ್ಲಿ ಜಿಲ್ಲೆಯಾದರೂ ಮಾತು ನಮ್ಮದೇ ಕನ್ನಡ. ಮೂವತ್ತು ವರ್ಷ ಮುಂಬಯಿಯಲ್ಲಿ ಕರಿ-ಹಳದಿ ಪದ್ಮಿನಿ ಓಡಿಸಿದವರು. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಹುಟ್ಟಿದ ಆ ಗಾಡಿ 2023ರ ಅಕ್ಟೋಬರದಲ್ಲಿ ಟ್ಯಾಕ್ಸಿಯಾಗಿ ಮುಂಬಯಿ ರಸ್ತೆಯಿಂದ ಮರೆಯಾದಾಗ ಕಾಕಾ ಒಂದು ಹೊತ್ತು ಊಟ ಬಿಟ್ಟಿದ್ದರು. ಅದೇ ಪ್ರೀಮಿಯರಿನ ಇನ್ನೊಂದು ಕಾರ್ಖಾನೆ ನಮ್ಮ ಕಲ್ಯಾಣ-ಶಿಳ್ ರಸ್ತೆಯ ಬದಿಗೂ ಇತ್ತು. 1990ರ ದಶಕದಲ್ಲಿ ಪ್ಯೂಜೊ 309 ಎಂಬ ಕಾರು ಅಲ್ಲಿಂದ ಹೊರಬಿದ್ದಿತ್ತು ಎಂದು ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ.

ಪ್ಲಗ್ಗಿನ ತುದಿಯಲ್ಲಿ ಎರಡು ಲೋಹದ ಚೂರು, ನಡುವೆ ಸಣ್ಣ ಸಂದು. ಪದ್ಮಿನಿಯಂಥ ಹಳೇ ಗಾಡಿಗೆ ಮುಕ್ಕಾಲು ಮಿಲಿಮೀಟರಿಗೂ ಕಡಿಮೆ, ಈಗಿನವಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಸಾವಿರಾರು ವೋಲ್ಟಿನ ಕರೆಂಟು ಆ ಸಂದು ಹಾರಿದಾಗ ಕಿಡಿ ಬೀಳುತ್ತದೆ, ಪಿಸ್ಟನ್ ಒತ್ತಿಟ್ಟ ಗಾಳಿ-ಗ್ಯಾಸಿನ ಮಿಶ್ರಣ ಹತ್ತಿಕೊಳ್ಳುತ್ತದೆ. ಪ್ರತಿ ಕಿಡಿಗೂ ಲೋಹ ಕಣದಷ್ಟು ಸವೆಯುತ್ತದೆ. ಇದನ್ನು ಕೇಳಿದಾಗ ನನಗೆ ನಗು ಬಂತು. ನಾವು ಕ್ಲಾಸಿನಲ್ಲಿ ಡಿಪ್ರಿಸಿಯೇಶನ್ ಎಂದು ಬಾಯಿಪಾಠ ಮಾಡುವುದನ್ನು ಕನ್ನಡದಲ್ಲಿ ಸವಕಳಿ ಎನ್ನುತ್ತಾರೆ. ಪುಸ್ತಕದ ಸವಕಳಿ ನನಗೆ ಗೊತ್ತಿತ್ತು, ಲೋಹದ್ದು ಗೊತ್ತಿರಲಿಲ್ಲ.

ಲೆಕ್ಕ ಹಾಕಿ ನೋಡಿದೆ. ಎಂಜಿನ್ ಎರಡು ಸುತ್ತು ತಿರುಗಿದರೆ ಒಂದೊಂದು ಪ್ಲಗ್ಗಿಗೂ ಒಂದು ಕಿಡಿ. ಟ್ರಾಫಿಕ್ಕಿನಲ್ಲಿ ನಿಂತದ್ದೂ ಸೇರಿ ನಿಮಿಷಕ್ಕೆ ಸರಾಸರಿ 1,500 ಸುತ್ತು ಹಿಡಿಯಿರಿ: 750 ಕಿಡಿ. ತಾಸಿಗೆ 45,000. ಅಪ್ಪನ ಗಾಡಿ ದಿನಕ್ಕೆ ಐದು ತಾಸು, ತಿಂಗಳಿಗೆ 25 ದಿನ ಓಡಿದರೆ 56 ಲಕ್ಷ 25 ಸಾವಿರ. ಒಂದು ಪ್ಲಗ್ಗಿನ ಒಂದು ತಿಂಗಳ ದುಡಿಮೆ ಇದು. ಇದಕ್ಕೆ ನೂರೈವತ್ತು ರೂಪಾಯಿ ಕೊಡಲು ನಾನು ಮೀನಮೇಷ ಎಣಿಸಿದ್ದೆ.

ಸವೆದಂತೆ ಸಂದು ಅಗಲವಾಗುತ್ತದೆ. ಅಗಲವಾದಷ್ಟೂ ಹಾರಲು ಹೆಚ್ಚು ವೋಲ್ಟ್ ಬೇಕು. ಸಿಎನ್‌ಜಿಗಂತೂ ಪೆಟ್ರೋಲಿಗಿಂತ ಜೋರು ಕಿಡಿ ಬೇಕು, ಹೊತ್ತಿಸುವುದು ಕಷ್ಟ. ಸಪಾಟು ರಸ್ತೆಯಲ್ಲಿ ಹೇಗೋ ನಡೆಯುತ್ತದೆ. ಏರು ಬಂದು ಎಂಜಿನ್ನಿನ ಮೇಲೆ ಭಾರ ಬಿದ್ದಾಗ ಕಿಡಿ ಕೈಕೊಡುತ್ತದೆ.

ನಮಗೆ ಆ ಏರು ಬಂದದ್ದು ಶಿಳ್‌ಫಾಟಾ ದಾಟಿ ಮಹಾಪೆಯ ಗುಡ್ಡದಲ್ಲಿ. ನವೆಂಬರಿನ ಒಂದು ಬೆಳಿಗ್ಗೆ ನಾಲ್ಕು ಮಂದಿಯನ್ನು ಹೊತ್ತು ಹತ್ತುವಾಗ ಗಾಡಿ ಗಡಗಡ ನಡುಗಿತಂತೆ. ಮೂರು ಕಲ್ಲಿನ ಒಲೆಯಲ್ಲಿ ಒಂದು ಕಲ್ಲು ಜಾರಿದರೆ ಗಡಿಗೆ ವಾಲುವುದಿಲ್ಲವೇ, ಹಾಗೆ. ಮುಂದೆ ಹಳದಿ ದೀಪ ಮಿಣುಕಿತು. ಆಫೀಸಿನವರು ಒಂಬತ್ತಕ್ಕೆ ಪಂಚ್ ಮಾಡಬೇಕು. ಅಪ್ಪ ನಿಲ್ಲಿಸಲಿಲ್ಲ. ಸಪಾಟಿಗೆ ಬಂದ ಮೇಲೆ ದೀಪದ ಮಿಣುಕು ನಿಂತಿತು. ಸಂಜೆ ನನಗೆ ಹೇಳಿದರು. ನಾನು ಪುಸ್ತಕದಿಂದ ತಲೆ ಎತ್ತದೆ "ಗ್ಯಾಸಿನಾಗ ಏನರ ಕಸ ಇರಬೇಕಪ್ಪಾ" ಅಂದೆ. ಹೀಗೇ ಮೂರು ವಾರ.

ಆ ಮಿಣುಕುವ ದೀಪವೇ ಕೊನೇ ನೋಟೀಸು ಎಂದು ನಂತರ ತಿಳಿಯಿತು. ಕಿಡಿ ತಪ್ಪಿದ ಸಿಲಿಂಡರಿನ ಗ್ಯಾಸು ಉರಿಯದೆ ಹಾಗೇ ಹೊಗೆಕೊಳವೆಗೆ ಹೋಗುತ್ತದೆ. ಅಲ್ಲಿ ಹೊಗೆ ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿ ಇದೆ. ಒಳಗೆ ಜೇನುಗೂಡಿನಂಥ ರಂಧ್ರ. ಉರಿಯದೆ ಬಂದ ಗ್ಯಾಸು ಅಲ್ಲಿ ಉರಿದು ಗೂಡನ್ನೇ ಕರಗಿಸುತ್ತದೆ. ನಮ್ಮದು ಕರಗಿ ಮುಚ್ಚಿಕೊಂಡಿತ್ತು. ಹೊಗೆ ಹೊರಬೀಳದೆ ಗಾಡಿ ಉಸಿರುಗಟ್ಟಿ, ಕಾಟಯಿ ನಾಕೆಯಲ್ಲಿ ನಿಂತೇಬಿಟ್ಟಿತು. ಖರ್ಚು ಇಪ್ಪತ್ತನಾಲ್ಕು ಸಾವಿರ. ಗಾಡಿ ಗ್ಯಾರೇಜಿನಲ್ಲಿದ್ದ ಐದು ದಿನದಲ್ಲಿ ನಾಲ್ವರು ಆಫೀಸಿನವರಲ್ಲಿ ಇಬ್ಬರು ಬೇರೆ ಕಾರು ಹಿಡಿದರು.

ನನ್ನ ಸಿ.ಎ. ಕ್ಲಾಸಿಗೆಂದು ಅವ್ವ ಕೂಡಿಟ್ಟ ಹಣ ಅದಕ್ಕೆ ಹೋಯಿತು. ಅಪ್ಪನೇ ಕೇಳಿದರು, ತಾವೇ ಏನೋ ತಪ್ಪು ಮಾಡಿದವರ ಹಾಗೆ ನೆಲ ನೋಡುತ್ತಾ: "ಈ ವರ್ಷ ಬ್ಯಾಡೇನೋ, ಮುಂದಿನ ವರ್ಷ ಕಟ್ಟೂನು?" ನಾನು ಹೂಂ ಅಂದೆ.

ಅಂದು ರಾತ್ರಿ ವಹಿ ತೆಗೆದು ಗ್ಯಾಸಿನ ರಸೀದಿಗಳನ್ನೆಲ್ಲ ಹರಡಿಕೊಂಡು ಕೂತೆ. ಇಷ್ಟು ದಿನ ನಾನು ಬರೆದದ್ದು ಬರೀ ರೂಪಾಯಿ. ಕಿಲೋಮೀಟರ್ ಪಕ್ಕಕ್ಕಿಟ್ಟು ಭಾಗಿಸಿರಲಿಲ್ಲ. ಭಾಗಿಸಿದೆ. ಜೂನಿನಲ್ಲಿ ಒಂದು ಕಿಲೋ ಗ್ಯಾಸಿಗೆ 27 ಕಿಲೋಮೀಟರ್. ಸೆಪ್ಟೆಂಬರಿನಲ್ಲಿ 24. ನವೆಂಬರಿನಲ್ಲಿ 21. ಅಂದರೆ ಕೊನೆಗೆ ತಿಂಗಳಿಗೆ 22 ಕಿಲೋ ಗ್ಯಾಸು ಸುಮ್ಮನೆ ಹೋಗುತ್ತಿತ್ತು, ಸಾವಿರದೇಳುನೂರು ರೂಪಾಯಿಯಷ್ಟು. ಗ್ಯಾಸಿನ ದರ ಏರಿದೆಯೆಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಗಾಡಿ ಜುಲೈಯಿಂದಲೂ ನನ್ನ ವಹಿಯಲ್ಲೇ ಹೇಳುತ್ತಿತ್ತು.

ಕಾಕಾ ಹಳೇ ಪ್ಲಗ್ ಮೂರನ್ನೂ ಅಂಗೈಯಲ್ಲಿಟ್ಟು ನೋಡಿದರು. ಅವರಿಗೆ ಪ್ಲಗ್ ಓದಲು ಬರುತ್ತದೆ. ತುದಿ ಕಾಫಿಪುಡಿಯ ಬಣ್ಣಕ್ಕಿದ್ದರೆ ಎಂಜಿನ್ ಸುಖವಾಗಿದೆ. ಒಣ ಮಸಿ ಕಟ್ಟಿದ್ದರೆ ಇಂಧನ ಜಾಸ್ತಿ. ಎಣ್ಣೆ ಜಿಡ್ಡಿದ್ದರೆ ಒಳಗೆ ಆಯಿಲ್ ಸೋರುತ್ತಿದೆ. ಬೂದಿಯಂತೆ ಬಿಳುಪಾಗಿದ್ದರೆ ಕಾವು ಹೆಚ್ಚು. ನಮ್ಮದರಲ್ಲಿ ಎರಡು ಬಿಳುಪು, ಒಂದರ ಪಿಂಗಾಣಿ ಸೀಳಿತ್ತು. ಮೂರರ ತುದಿಯೂ ಉಂಡೆಯಾಗಿ ಸವೆದಿತ್ತು.

"ನಮ್ಮ ಕಾಲದಾಗ ಹಳೇ ಹ್ಯಾಕ್ಸಾ ಬ್ಲೇಡ್ ತುಂಡ ತೂರಿಸಿ ಸಂದ ಸರಿ ಮಾಡತಿದ್ದಿವಿ. ಸ್ಯಾಂಡ್‌ಪೇಪರ್ ತಿಕ್ಕಿ ಮತ್ತ ಹಾಕತಿದ್ದಿವಿ. ಮೈಕೋ ಪ್ಲಗ್ಗು, ನಿಮ್ಮ ಬೆಂಗಳೂರಿಂದು" ಅಂದರು. 1951ರಲ್ಲಿ ಆರಂಭವಾದ ಆ ಮೈಕೋ ಕಂಪನಿಯ ಕಾರ್ಖಾನೆ ಬೆಂಗಳೂರಿನ ಆಡುಗೋಡಿಯಲ್ಲಿತ್ತು. 2008ರಲ್ಲಿ ಹೆಸರು ಬಾಷ್ ಎಂದಾಯಿತು. ಕಾಕಾನ ಬಾಯಲ್ಲಿ ಮಾತ್ರ ಈಗಲೂ ಮೈಕೋ.

ಈಗಿನ ಇರಿಡಿಯಂ ಪ್ಲಗ್ಗಿಗೆ ಆ ತಿಕ್ಕಾಟ ಕೂಡದು, ಕೂದಲಿನಂಥ ತುದಿ ಮುರಿಯುತ್ತದೆ. ಬೆಲೆ ಹೆಚ್ಚು, ಆದರೆ ಎಂಬತ್ತು ಸಾವಿರ, ಲಕ್ಷ ಕಿಲೋಮೀಟರ್ ಬಾಳುತ್ತದೆ. ಸಾದಾ ನಿಕಲ್ ಪ್ಲಗ್ಗಿಗೆ ಮೂವತ್ತು-ನಲವತ್ತು ಸಾವಿರ, ಗ್ಯಾಸಿನ ಗಾಡಿಗೆ ಅದಕ್ಕೂ ಮೊದಲೇ ಬಿಚ್ಚಿ ನೋಡುವುದು ಒಳ್ಳೆಯದು. ಕಂಪನಿಯ ಪುಸ್ತಕದಲ್ಲಿ ಎಷ್ಟು ಬರೆದಿದೆಯೋ ಅದೇ ಪ್ರಮಾಣ. ಬದಲಿಸುವಾಗ ಎಲ್ಲವನ್ನೂ ಒಟ್ಟಿಗೇ, ಎಂಜಿನ್ ತಣ್ಣಗಾದ ಮೇಲೆ, ಮೊದಲ ಸುತ್ತು ಬರಿಗೈಯಲ್ಲೇ. ನಾವು ಸಾದಾ ಪ್ಲಗ್ ಹಾಕಿಸಿದೆವು. 95,000 ಕಿಲೋಮೀಟರಿಗೆ.

ಎಂಟು ದಿನ ತಡೆದು ಅಪ್ಪನಿಗೆ ಚೀಟಿಯ ವಿಷಯ ಹೇಳಿದೆ. ಗಾಡಿ ಒರೆಸುತ್ತಿದ್ದರು. ಒರೆಸುವುದು ನಿಲ್ಲಿಸಲಿಲ್ಲ.

"ಆ ಚೀಟಿ ಐತೇನು ಇನ್ನಾ?"

"ಐತಿ."

"ಹರೀಬ್ಯಾಡ. ವಹಿಯೊಳಗ ಅಂಟಸು." ಸ್ವಲ್ಪ ಹೊತ್ತು ಬಿಟ್ಟು, "ಮುಂದ ಯಾವಾಗ ಹಾಕಸೂದು, ಗಾಡಿಯೊಳಗ ನನ್ನ ಕಣ್ಣಿಗೆ ಕಾಣೂಹಂಗ ಬರಿ. ಕನ್ನಡದಾಗ ಬರಿ."

ಸ್ಟಿಯರಿಂಗಿನ ಪಕ್ಕ, ಸಿದ್ಧೇಶ್ವರನ ಫೋಟೋ ಕೆಳಗೆ, ೧,೨೫,೦೦೦ ಎಂದು ಬರೆದು ಅಂಟಿಸಿದ್ದೇನೆ. ಮಹಾಪೆಗೆ ಹೋಗುವವರೊಬ್ಬರು ಅದನ್ನು ಯಾವುದೋ ಮಂತ್ರವೆಂದು ತಿಳಿದು, ತಮ್ಮ ಕಾರಿಗೂ ಒಂದು ಬರೆದುಕೊಡಿ ಎಂದು ಕೇಳಿದರಂತೆ.