ಮೂರು ಕೋಣೆಗಳ ನಡುವಣ ಗೋಡೆ

ಹಿಂದಿನ ಕಾಲದಲ್ಲಿ ಮನೆಯ ಹೆಣ್ಣುಮಗಳಿಗೆ ಒಂದು ಜೊತೆ ಬಳೆ ಬೇಕಾದರೆ ಅಕ್ಕಸಾಲಿಗನಿಗೆ ಹೇಳಿಕಳುಹಿಸುತ್ತಿದ್ದರು. ಆತನು ಬಂದು ಜಗಲಿಯ ಮೇಲೆ ಕುಳಿತು, ಕೈಯ ಅಳತೆ ತೆಗೆದುಕೊಂಡು, "ಹೂವಿನ ಕೆತ್ತನೆ ಇರಲೋ, ಬಳ್ಳಿಯದೋ?" ಎಂದು ಕೇಳುವನು. ಮನೆಯಾಕೆ ಬಳ್ಳಿಯೆಂದರೆ, "ಇಷ್ಟು ತೆಳುವಾದ ತಗಡಿನಲ್ಲಿ ಬಳ್ಳಿ ನಿಲ್ಲದು ತಾಯಿ, ಇನ್ನು ಕಾಲು ತೊಲ ಸೇರಿಸಿದರೆ ಆದೀತು" ಎಂದು ಅಲ್ಲಿಯೇ ತಿಳಿಸುವನು. "ಕಾಲು ತೊಲವೇ! ಹಾಗಾದರೆ ಹೂವೇ ಇರಲಿ" ಎಂದು ಆಕೆಯೂ ಅಲ್ಲಿಯೇ ತೀರ್ಮಾನಿಸುವಳು. ಬೇಡಿಕೆಯನ್ನು ಕೇಳಿದವನು, ರೂಪವನ್ನು ಕಲ್ಪಿಸಿದವನು, ಕುಲುಮೆಯ ಮುಂದೆ ಕುಳಿತು ಬೆವರಿದವನು, ಈ ಮೂವರೂ ಒಬ್ಬನೇ ಆಗಿದ್ದನು. ಆದುದರಿಂದ "ಆಗದು" ಎಂಬ ಮಾತು ಚಿನ್ನ ಕರಗುವುದಕ್ಕೆ ಮೊದಲೇ ಹೊರಬೀಳುತ್ತಿತ್ತು.

ಕಾರ್ಖಾನೆಯ ಯುಗ ಬಂದಿತು, ಒಬ್ಬನಿದ್ದವನು ಮೂವರಾದನು. ಕೊಳ್ಳುವವರ ಮನಸ್ಸನ್ನು ಅರಿಯುವುದು ಮಾರಾಟ ವಿಭಾಗದ ಕೆಲಸ. ನಕ್ಷೆ ಬರೆಯುವುದು ವಿನ್ಯಾಸಕಾರನ ಕೆಲಸ. ಯಂತ್ರ ನಡೆಸುವುದು ತಯಾರಿಕೆಯವರ ಕೆಲಸ. ಲಕ್ಷಗಟ್ಟಲೆ ಸರಕು ಆಗಬೇಕಾದರೆ ಈ ಹಂಚಿಕೆ ಅನಿವಾರ್ಯ. ಆದರೆ ಮೂವರಿಗೂ ಮೂರು ಕೋಣೆಗಳಾದುವು, ನಡುವೆ ಗೋಡೆಗಳೆದ್ದುವು. ಮಾರಾಟದವರ ಬಯಕೆ ಕಡತವಾಗಿ, ಜವಾನನ ಕೈಯಲ್ಲಿ ವಿನ್ಯಾಸದವರ ಮೇಜಿಗೆ ಹೋಗುವುದು; ಅಲ್ಲಿ ಬಹುಕಾಲ ತಪಸ್ಸು ಮಾಡಿ, ಸುಂದರವಾದ ನಕ್ಷೆಯಾಗಿ ಕಾರ್ಖಾನೆಗೆ ಇಳಿಯುವುದು. ಅಲ್ಲಿನ ಹಿರಿಯ ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ಈ ಮೂಲೆಯೊಳಗೆ ಉಳಿಯೇ ಹೋಗದಲ್ಲ!" ಎನ್ನುವನು. ಅದೇ ಅಕ್ಕಸಾಲಿಗನ "ಆಗದು". ಆದರೆ ಎಷ್ಟು ತಡವಾಗಿ! ನಕ್ಷೆಯ ಮೇಲಿನ ಗೆರೆಯನ್ನು ಅಳಿಸಲು ರಬ್ಬರಿನ ಚೂರು ಸಾಕು. ಉಕ್ಕಿನಲ್ಲಿ ಕೊರೆದ ಅಚ್ಚನ್ನು ತಿದ್ದಲು ಹಣವೂ ಬೇಕು, ತಿಂಗಳುಗಳೂ ಬೇಕು.

ಈ ಮಾತಿಗೆ ಬೆಂಗಳೂರಿನ ಸುತ್ತಮುತ್ತಲೇ ಒಳ್ಳೆಯ ನಿದರ್ಶನವಿದೆ: ಕೈಗಡಿಯಾರ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನೊಂದಿಗೆ 1961ರಲ್ಲಿ ಗಡಿಯಾರಗಳನ್ನು ಹೊರತಂದಿತು. ಎಚ್.ಎಂ.ಟಿ. ವಾಚು ಅಳಿಯನ ಕೈಗೂ, ಪರೀಕ್ಷೆಯಲ್ಲಿ ಗೆದ್ದ ಮಗನ ಕೈಗೂ ಭೂಷಣವಾಯಿತು. 'ಜನತಾ' ವಾಚಿಗೆ ಬೆಳಗಾಗೆದ್ದು ಕೀ ಕೊಡುವುದು ಎಷ್ಟೋ ಮನೆಗಳಲ್ಲಿ ಸಂಧ್ಯಾವಂದನೆಯಷ್ಟೇ ನಿಯಮದ ಕರ್ಮವಾಗಿತ್ತು. ಬೇಡಿಕೆ ಹೆಚ್ಚು, ಸರಕು ಕಡಿಮೆ. ಜನ ಕಾದು ಕೊಂಡರು. ಕಾದು ಕೊಳ್ಳುವವರಿರುವಾಗ ಅವರಿಗೇನು ಇಷ್ಟವೆಂದು ಕೇಳುವ ಪ್ರಮೇಯವೇ ಬರುವುದಿಲ್ಲ. ಗಟ್ಟಿಯಾದ, ಸಮಯ ತಪ್ಪದ ವಾಚನ್ನು ಮಾಡಿದರೆ ಸಾಕು; ಅದನ್ನು ಆ ಸಂಸ್ಥೆ ನಿಷ್ಠೆಯಿಂದ ಮಾಡಿತು.

ಅಷ್ಟರಲ್ಲಿ ಕ್ವಾರ್ಟ್ಜ್ ಬಂದಿತು. ಬ್ಯಾಟರಿಯ ಬಲದಿಂದ ಸೆಕೆಂಡಿಗೆ 32,768 ಬಾರಿ ಕಂಪಿಸುವ ಒಂದು ಸ್ಫಟಿಕದ ಚೂರು. ಆ ಕಂಪನವನ್ನು ಹದಿನೈದು ಸಲ ಅರ್ಧಮಾಡುತ್ತ ಬಂದರೆ ಸರಿಯಾಗಿ ಸೆಕೆಂಡಿಗೊಂದು ಮಿಡಿತ ಉಳಿಯುತ್ತದೆ. ಕೀಯ ಕರ್ಮ ತಪ್ಪಿತು. ಎಚ್.ಎಂ.ಟಿ.ಯೂ ಇಂಥ ವಾಚುಗಳನ್ನು ಮಾಡದೆ ಇರಲಿಲ್ಲ. ಆದರೆ ಅದರ ಒಲವೆಲ್ಲ ಕೀ ಕೊಡುವ ವಾಚಿನ ಮೇಲೆಯೇ ಉಳಿಯಿತು. ಟಾಟಾ ಸಂಸ್ಥೆಯೂ ತಮಿಳುನಾಡಿನ ಕೈಗಾರಿಕಾಭಿವೃದ್ಧಿ ನಿಗಮವೂ ಕೂಡಿ 1984ರಲ್ಲಿ ಸ್ಥಾಪಿಸಿದ ಟೈಟನ್, ಬೆಂಗಳೂರಿಗೆ ನೆರೆಯ ಹೊಸೂರಿನಲ್ಲಿ ಕಾರ್ಖಾನೆ ಹೂಡಿ, ಕ್ವಾರ್ಟ್ಜ್ ವಾಚನ್ನೇ ನೆಚ್ಚಿಕೊಂಡು 1987ರಲ್ಲಿ ಪೇಟೆಗಿಳಿಯಿತು. ವಾಚು ಸಮಯ ತೋರಿಸಿದರೆ ಸಾಲದು, ಆಭರಣದಂತೆ ಒಪ್ಪಬೇಕು, ಉಡುಗೊರೆಯಾಗಬೇಕು ಎಂಬುದನ್ನು ಅದು ಮೊದಲೇ ಗ್ರಹಿಸಿತು; ರೂಪಕ್ಕೂ ಅಂಗಡಿಯ ಅಂದಕ್ಕೂ ಯಂತ್ರದಷ್ಟೇ ಗಮನ ಕೊಟ್ಟಿತು.

ಈ ಕೂಡುವಿಕೆಯ ಕಷ್ಟವೂ ಫಲವೂ ಒಟ್ಟಿಗೆ ಕಾಣುವುದು 2002ರಲ್ಲಿ ಹೊರಬಂದ 'ಎಡ್ಜ್' ಎಂಬ ವಾಚಿನಲ್ಲಿ. ಅದರ ಒಟ್ಟು ದಪ್ಪ 3.5 ಮಿಲಿಮೀಟರು, ಒಳಗಿನ ಯಂತ್ರದ ದಪ್ಪ 1.15 ಮಿಲಿಮೀಟರು, ಅಂದರೆ ಅಕ್ಕಿಕಾಳಿನ ದಪ್ಪಕ್ಕಿಂತಲೂ ಕಡಿಮೆ. ಉಳಿದ 2.35 ಮಿಲಿಮೀಟರಿನೊಳಗೆ ಬೆನ್ನಿನ ತಗಡು, ಮುಖಫಲಕ, ಮುಳ್ಳುಗಳು, ಗಾಜು, ಅವುಗಳ ನಡುವಣ ಬಿಡುವು ಎಲ್ಲವೂ ಸಂಸಾರ ಹೂಡಬೇಕು. ಅಂಗಿಯ ತೋಳಿನೊಳಗೆ ಸಲೀಸಾಗಿ ಜಾರುವ ತೆಳುವಾದ ವಾಚು ಕೊಳ್ಳುವವನಿಗೆ ಇಷ್ಟವೇ. ಆದರೆ ಕೈ ತೊಳೆಯುವಾಗ ನೀರು ಒಳಹೊಕ್ಕರೆ ಅವನು ಸಹಿಸಲಾರ. ನೀರು ತಡೆಯಬೇಕಾದರೆ ಸಂದುಗಳಿಗೆ ರಬ್ಬರಿನ ಬಳೆ ಕೂಡಿಸಬೇಕು. ಬಳೆಗೆ ಜಾಗ ಬೇಕು. ಜಾಗ ಕೊಟ್ಟರೆ ದಪ್ಪ ಹೆಚ್ಚುತ್ತದೆ. ಬೆನ್ನಿನ ತಗಡನ್ನು ತೆಳುಮಾಡಿದರೆ ಹೆಬ್ಬೆರಳಿನ ಒತ್ತಿಗೇ ಬಾಗಿ ಒಳಯಂತ್ರಕ್ಕೆ ತಗಲೀತು. ಮುಳ್ಳನ್ನು ಗಾಜಿಗೆ ಸಮೀಪ ತಂದರೆ ಉಜ್ಜಿ ನಿಂತೀತು. ಇಲ್ಲಿ ಒಂದು ಕೋಣೆಯವರು ಒಂದು ಕೂದಲೆಳೆ ಸರಿದರೂ ಉಳಿದೆರಡು ಕೋಣೆಯವರ ಲೆಕ್ಕ ಕೆಡುತ್ತದೆ. ಇಂಥ ವಸ್ತುವನ್ನು ಕಡತಗಳ ಓಡಾಟದಿಂದ ಮಾಡಿ ಮುಗಿಸುವುದು ಸಾಧ್ಯವೇ? ಎಡ್ಜ್ 30 ಮೀಟರಿನ ನೀರಿನ ಒತ್ತಡಕ್ಕೆ ತಡೆಯುವ ವಾಚಾಗಿಯೇ ಹೊರಬಂದಿತು.

ಮೂವರನ್ನು ಒಂದು ಮೇಜಿನ ಸುತ್ತ ಕೂರಿಸಿದಮಾತ್ರಕ್ಕೆ ಎಲ್ಲವೂ ಸರಿಹೋಗದು. ಸಭೆ ಸೇರಿ, ಕಾಫಿ ಕುಡಿದು, ಒಬ್ಬರನ್ನೊಬ್ಬರು ನೋಯಿಸದೆ ಎದ್ದುಹೋದರೆ ಗೋಡೆ ಇದ್ದಲ್ಲಿಯೇ ಇರುತ್ತದೆ. ಕೂಡಿ ಕುಳಿತುದರ ಪ್ರಯೋಜನ ಜಗಳ ತಪ್ಪಿಸುವುದಲ್ಲ. ಜಗಳವನ್ನು ಬೇಗ ಆಡುವುದು. ಮೇಸ್ತ್ರಿಯ "ಆಗದು" ಎಂಬ ಮಾತು ಮೊದಲ ದಿನವೇ ಬಂದರೆ, ವಿನ್ಯಾಸಕಾರನು "ಹೀಗಾದರೆ?" ಎಂದು ಕೇಳಬಲ್ಲನು, ಮಾರಾಟದವನು "ಅಷ್ಟನ್ನು ಜನ ಒಪ್ಪುವರು, ಇಷ್ಟನ್ನು ಒಪ್ಪರು" ಎನ್ನಬಲ್ಲನು. ಅದೇ ಮಾತು ಕೊನೆಯ ದಿನ ಬಂದರೆ ದೋಷ ಯಾರದೆಂಬ ವಿಚಾರಣೆಯಷ್ಟೇ ನಡೆಯುವುದು. ಅದಕ್ಕಾಗಿ ಹಿರಿಯ ಅಧಿಕಾರಿಯ ಎದುರು ಮೇಸ್ತ್ರಿಯು ಬಾಯಿ ತೆರೆಯುವಷ್ಟು ಧೈರ್ಯವನ್ನು ಸಂಸ್ಥೆ ಅವನಿಗೆ ಕೊಡಬೇಕು. ಸಂಬಳ ಕೊಡುವುದಕ್ಕಿಂತ ಇದು ಕಷ್ಟ.

ಎಚ್.ಎಂ.ಟಿ. ವಾಚ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೆ ಕಾರಣಗಳು ಹಲವು. ಎಲ್ಲವನ್ನೂ ಗೋಡೆಗಳ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಅಲ್ಲಿ ಕುಶಲಿಗಳ ಕೊರತೆ ಇರಲಿಲ್ಲ. ಅವರು ಮಾಡಿದ ವಾಚುಗಳು ಇಂದಿಗೂ ಎಷ್ಟೋ ಮಂದಿಯ ಕೈಮೇಲೆ ನಡೆಯುತ್ತಿವೆ. ಹಳೆಯವನ್ನು ಹುಡುಕಿ ಕೊಳ್ಳುವ ರಸಿಕರೂ ಉಂಟು. ಅಷ್ಟು ನುರಿತ ಕೈಗಳಿಗೂ ಪೇಟೆಯ ಸುದ್ದಿ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಮುಟ್ಟದಿದ್ದರೆ ಸಮಯ ತೋರಿಸುವ ವಾಚನ್ನು ಮಾಡುವವರಿಗೇ ಸಮಯ ಮೀರಿಹೋಗುತ್ತದೆ.